ಹಳೆಯ ಮನೆ ಬಿಡುವ ಮುನ್ನ

ಮಂಗಳೂರು ಸೀಮೆಯಲ್ಲಿ ಹಿರಿಯರ ಹೆಂಚಿನ ಮನೆಯನ್ನು ತೊರೆದು ಫ್ಲ್ಯಾಟಿಗೆ ತೆರಳುವ ಕುಟುಂಬಗಳು ಅನೇಕ. ವರ್ಷಗಟ್ಟಲೆ ಮುಚ್ಚಿದ್ದ ಅಟ್ಟವನ್ನು ತೆರೆದಾಗ ಪಾತ್ರೆಪಡಗಗಳೊಡನೆ ಮುರಿದ ಶಿಲುಬೆ, ತುಂಡಾದ ಜಪಸರ, ಗೆದ್ದಲು ಹಿಡಿದ ಪವಿತ್ರ ಹೃದಯದ ಪಟ, ಒಣಗಿದ ಗರಿಗಳೂ ದೊರೆಯುತ್ತವೆ. ಅವಸರದಲ್ಲಿ ಎಲ್ಲವೂ ಗುಜರಿಯವನ ಗೋಣಿಯನ್ನು ಸೇರುತ್ತವೆ.

ಆರಾಧನೆಗಾಗಿ ಆಶೀರ್ವದಿಸಲ್ಪಟ್ಟ ವಸ್ತುಗಳು ಖಾಸಗಿಯವರ ಸ್ವತ್ತಾಗಿದ್ದರೂ ಅವನ್ನು ಗೌರವದಿಂದ ಕಾಣಬೇಕೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 1171ನೆಯ ವಿಧಿ ತಿಳಿಸುತ್ತದೆ. ಮನೆಯ ಪೀಠದ ವಸ್ತುಗಳಿಗೂ ಅದೇ ಭಾವ ಸಲ್ಲತಕ್ಕದ್ದು. ಜೀರ್ಣವಾದವುಗಳಲ್ಲಿ ಸುಡಬಹುದಾದವನ್ನು ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸುವುದು, ಉಳಿದವನ್ನು ಯಾರೂ ತುಳಿಯದೆಡೆಯಲ್ಲಿ ಹೂಳುವುದು ಹಿಂದಿನಿಂದ ಬಂದ ಪದ್ಧತಿ. ಗರಿಗಳನ್ನು ಚರ್ಚಿಗೆ ಒಪ್ಪಿಸಿದರೆ ಬೂದಿ ಬುಧವಾರಕ್ಕೆ ಒದಗುತ್ತವೆ. ಫ್ಲ್ಯಾಟಿಗೆ ಹಿತ್ತಲಿಲ್ಲ, ಹಳೆಯ ಹಿತ್ತಲೂ ಪರರ ಪಾಲಾಗುವುದಾದರೆ ಧರ್ಮಗುರುಗಳನ್ನು ಮೊದಲೇ ವಿಚಾರಿಸುವುದು ಲೇಸು.

ಜ್ಞಾನಸ್ನಾನ, ವಿವಾಹಗಳ ಪತ್ರಗಳನ್ನೂ ಹಿರಿಯರ ಕೈಬರಹದ ಕಾಗದಗಳನ್ನೂ 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆಯ ಹಳೆಯ ಸಂಚಿಕೆಗಳನ್ನೂ ತೂಕಕ್ಕೆ ಹಾಕದಿರೋಣ. ಉಡಲು ಯೋಗ್ಯವಾದ ಬಟ್ಟೆಗಳನ್ನು ಒಗೆದು ಮಡಚಿ ಬಡವರಿಗೆ ಕೊಡೋಣ. ಹರಿದುದನ್ನು ಕೊಡುವುದು ದಾನವೆನಿಸದು.

ಹೊಸ ಮನೆಯ ಗೋಡೆಗೆ ಮೊದಲ ಮೊಳೆಯನ್ನು ಹಳೆಯ ಮನೆಯ ಶಿಲುಬೆಗಾಗಿಯೇ ಹೊಡೆಯೋಣ.