ಕೆಲಸದ ತಾಣ, ಕೆಲಸಗಾರನ ಮುಖ

ಭಾವಚಿತ್ರವೆಂದರೆ ಮುಖದ ಪ್ರತಿಬಿಂಬವಷ್ಟೇ ಎಂದು ತಿಳಿದಿರುವವರು ಕಡೂರು ಸೀಮೆಯ ಎಮ್ಮೆದೊಡ್ಡಿಯ ಕಡೆಯಲ್ಲಿ ಯಾವುದಾದರೊಂದು ಕೊಬ್ಬರಿ ಅಟ್ಟದ ಬಳಿ ಅರ್ಧ ಗಳಿಗೆ ನಿಂತು ನೋಡಬೇಕು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯ ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಗಡಗಡನೆ ಸದ್ದುಮಾಡುವ ಹದಕ್ಕೆ ಬಂದಾಗ ಸುಲಿಯುವವನು ಕೆಲಸಕ್ಕಿಳಿಯುತ್ತಾನೆ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಕ್ಕಿ, ಮುಂಗೈಯನ್ನು ತಿರುವಿ ಮಟ್ಟೆಯನ್ನು ಬಿಡಿಸುತ್ತಾನೆ. ಬಾಗಿದ ಆ ಬೆನ್ನು, ನಾರಿನ ಧೂಳು ಕವಿದ ಹುಬ್ಬು, ಮೊಣಕಾಲಿನೆತ್ತರಕ್ಕೆ ಏರಿದ ಮಟ್ಟೆಯ ರಾಶಿ, ಇವೆಲ್ಲ ಕೂಡಿದಾಗಲೇ ಆತನ ಚಿತ್ರ ಪೂರ್ಣವಾಗುವುದು.

ವೃತ್ತಿನಿರತರ ಭಾವಚಿತ್ರಗಳನ್ನು ತೆಗೆಯಲು ಹೊರಟವನ ಮುಂದೆ ಎರಡು ಮಾರ್ಗಗಳಿವೆ. ಅಮೆರಿಕದ ಛಾಯಾಗ್ರಾಹಕ ಅರ್ವಿಂಗ್ ಪೆನ್ 1950–51ರಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಕಸುಬುದಾರರನ್ನು ಅವರವರ ಉಪಕರಣಗಳೊಡನೆ ತನ್ನ ಚಿತ್ರಶಾಲೆಗೆ ಕರೆಸಿ, ಬರಿಯ ಪರದೆಯ ಮುಂದೆ ನಿಲ್ಲಿಸಿದನು. ಜರ್ಮನಿಯ ಆಗಸ್ಟ್ ಸಾಂಡರ್ ಅದಕ್ಕೂ ಹಿಂದೆಯೇ, ಮಿಠಾಯಿಗಾರನೊಬ್ಬನನ್ನು ಅವನ ಅಡುಗೆಮನೆಯಲ್ಲೇ, ಕೈಯಲ್ಲಿ ದೊಡ್ಡ ಬೋಗುಣಿಯಿರುವಂತೆಯೇ ಚಿತ್ರಿಸಿದನು. ಅವನ 60 ಭಾವಚಿತ್ರಗಳ ಗ್ರಂಥವು 1929ರಲ್ಲಿ ಪ್ರಕಟವಾಯಿತು. ಪೆನ್ನನ ಚಿತ್ರಗಳ ಸೊಬಗನ್ನು ಅಲ್ಲಗಳೆಯಲಾರೆನಾದರೂ, ನಮ್ಮ ಹಳ್ಳಿಗಳಿಗೆ ಸಾಂಡರನ ಮಾರ್ಗವೇ ಯುಕ್ತವೆಂದು ನಾನು ದೃಢವಾಗಿ ನಂಬುತ್ತೇನೆ. ಕುಲುಮೆಯಿಂದ ಕಮ್ಮಾರನನ್ನು ಹೊರತಂದರೆ ತಿದಿ, ಅಡಿಗಲ್ಲು, ಮಸಿ ಹಿಡಿದ ಗೋಡೆ ಎಲ್ಲವೂ ಕಣ್ಮರೆಯಾಗುತ್ತವೆ. ಸಾಮಾನ್ಯರ ಬದುಕನ್ನು ಜೀವನಪೂರ್ತಿ ಪ್ರೀತಿಯಿಂದ ಸೆರೆಹಿಡಿದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಕಂಡವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಿಷಯಕ್ಕೆ ಇಲ್ಲಿ ಬರವಿಲ್ಲ. ತರೀಕೆರೆಯ ಕಡೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರು, ಅಜ್ಜಂಪುರದ ತಳಿಸಂವರ್ಧನ ಕೇಂದ್ರದಲ್ಲಿ ಅಮೃತಮಹಲ್ ರಾಸುಗಳನ್ನು ಸಾಕುವವರು, ಸಂತೆಬೀದಿಯ ದರ್ಜಿ, ಕ್ಷೌರಿಕ, ಎಲ್ಲರೂ ಇಂಥ ಭಾವಚಿತ್ರಗಳ ಸಂಗ್ರಹಕ್ಕೆ ಸಲ್ಲುವವರೇ. ಸರ್ಕಾರಿ ಕೇಂದ್ರಕ್ಕೆ ಹೋಗುವಾಗ ಮುಂಚಿತವಾಗಿ ಅನುಮತಿ ಪಡೆದಿರತಕ್ಕದ್ದು. ಹತ್ತು ಮಂದಿಯಿಂದ ಆರಂಭಿಸಿದರೆ ಸಾಕು; ಮೊದಲ ದಿನ ಕ್ಯಾಮೆರಾವನ್ನು ಚೀಲದಿಂದ ತೆಗೆಯದೆ, ಅಣ್ಣಾ, ಅಕ್ಕಾ ಎಂದು ಮಾತನಾಡಿಸಿ, ಕೆಲಸದ ಓಟವನ್ನು ಗಮನಿಸಿ ಬರುವುದು ಲೇಸು.

ಅಟ್ಟದ ಕೆಳಗೂ ಕುಲುಮೆಯೊಳಗೂ ಬೆಳಕು ಬಾಗಿಲೊಂದರಿಂದಲೇ ಬರುವುದರಿಂದ, ಫ್ಲ್ಯಾಷ್ ಹಾಕಿ ಆ ನೆರಳನ್ನೆಲ್ಲ ಅಳಿಸಿಹಾಕದೆ, ಬಾಗಿಲ ಬೆಳಕು ಮುಖದ ಒಂದು ಪಾರ್ಶ್ವಕ್ಕೆ ಬೀಳುವಂತೆ ನಾವೇ ಜಾಗ ಬದಲಿಸಬೇಕು. 35 ಮಿ.ಮೀ. ಲೆನ್ಸು ವ್ಯಕ್ತಿಯನ್ನೂ ತಾಣವನ್ನೂ ಒಟ್ಟಿಗೆ ಹಿಡಿಯುತ್ತದೆ. ತೀರ ಸಮೀಪಿಸಿದರೆ ಮುಖ ವಿಕಾರವಾಗುವುದು. ಟ್ರೈಪಾಡಿನ ಮೇಲೆ ಸೆಕೆಂಡಿನ 1/15 ಭಾಗದ ವೇಗವನ್ನಿಟ್ಟರೆ, ಸ್ಥಿರವಾದ ಮುಖ ಸ್ಪಷ್ಟವಾಗಿ ಮೂಡಿ, ದುಡಿಯುವ ಕೈ ಮಾತ್ರ ಕೊಂಚ ಮಸುಕಾಗುತ್ತದೆ; ಆ ಮಸುಕು ದೋಷವಲ್ಲ.

ತೆಗೆದ ಚಿತ್ರದ ಒಂದು ಪ್ರತಿಯನ್ನು ಅಚ್ಚುಹಾಕಿಸಿ ಅವರ ಮನೆಗೇ ಒಪ್ಪಿಸುವುದು ಛಾಯಾಗ್ರಾಹಕನ ಋಣ. ನಮ್ಮಲ್ಲುಳಿಯುವ ಪ್ರತಿಯ ಹಿಂದೆ ಊರು, ವರ್ಷ, ಅವರು ಒಪ್ಪಿದರೆ ಹೆಸರು, ಚಿತ್ರದಲ್ಲಿ ಕಾಣುವ ಪ್ರತಿಯೊಂದು ಉಪಕರಣಕ್ಕೂ ಅವರ ಬಾಯಲ್ಲಿರುವ ಶಬ್ದ, ಇಷ್ಟನ್ನು ಅವರೆದುರಿಗೇ ಕುಳಿತು, ಕೇಳಿ ಕೇಳಿ ಬರೆದುಕೊಳ್ಳಬೇಕು.