ತಾರಾಲಯ: ಅರ್ಥ, ಬಳಕೆ ಮತ್ತು ಮಳೆನಕ್ಷತ್ರಗಳ ಪ್ರಶ್ನೆ

ಇಂಗ್ಲಿಷಿನ ‘ಪ್ಲಾನೆಟೇರಿಯಂ’ ಪದದೊಳಗೆ ಇರುವುದು ಗ್ರಹ. ಕನ್ನಡದ ‘ತಾರಾಲಯ’ದೊಳಗೆ ಇರುವುದು ನಕ್ಷತ್ರ. ಈ ವ್ಯತ್ಯಾಸವನ್ನು ಕೇವಲ ಅನುವಾದದ ಸಡಿಲಿಕೆ ಎಂದು ತಳ್ಳಿಹಾಕುವಂತಿಲ್ಲ. ಯುರೋಪಿನಲ್ಲಿ ಆ ಹೆಸರು ಮೊದಲು ಸಂದದ್ದು ಕಟ್ಟಡಕ್ಕಲ್ಲ, ಹಲ್ಲುಗಾಲಿಗಳ ನೆರವಿನಿಂದ ಸೂರ್ಯನ ಸುತ್ತ ಗ್ರಹಗಳನ್ನು ತಿರುಗಿಸಿ ತೋರಿಸುವ ಯಂತ್ರಕ್ಕೆ. ನಕ್ಷತ್ರಗಳಿಗೆ ಅಲ್ಲಿ ಸ್ಥಾನವಿರಲಿಲ್ಲ.

ಅಂತಹ ಯಂತ್ರಗಳಲ್ಲಿ ನೆದರ್ಲೆಂಡಿನ ಫ್ರಾನೆಕರ್ ಪಟ್ಟಣದ್ದು ಜಾನಪದ ಅಧ್ಯಯನದ ದೃಷ್ಟಿಯಿಂದಲೂ ಗಮನಾರ್ಹವಾದುದು. 1774ರ ಮೇ ತಿಂಗಳಲ್ಲಿ ಕೆಲವು ಗ್ರಹಗಳೂ ಚಂದ್ರನೂ ಆಕಾಶದ ಒಂದೇ ಭಾಗದಲ್ಲಿ ಸೇರಲಿದ್ದವು. ಅವು ಒಂದಕ್ಕೊಂದು ಡಿಕ್ಕಿಹೊಡೆದು ಭೂಮಿಯೇ ತನ್ನ ಕಕ್ಷೆಯಿಂದ ಕದಲುವುದೆಂಬ ಭೀತಿ ಆ ಪ್ರಾಂತದಲ್ಲಿ ಹರಡಿತು. ಐಸೆ ಐಸಿಂಗ ಎಂಬಾತ ವೃತ್ತಿಯಿಂದ ಉಣ್ಣೆ ಹಿಂಜುವವನು. ಆತ ತನ್ನ ವಾಸದ ಕೋಣೆಯ ಮಾಳಿಗೆಗೇ ಗ್ರಹಮಂಡಲವನ್ನು ಅಳವಡಿಸಲು ತೊಡಗಿ 1781ರಲ್ಲಿ ಪೂರೈಸಿದನು. ಅಲ್ಲಿ ಶನಿ ಒಂದು ಸುತ್ತು ಮುಗಿಸಲು ನಿಜವಾದ ಶನಿಯಂತೆಯೇ ಸುಮಾರು 29 ವರ್ಷ ಬೇಕು. ಈಗಲೂ ನಡೆಯುತ್ತಿರುವ ಈ ರಚನೆ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವದಂತಿಗೆ ವಾದದಿಂದಲ್ಲದೆ ಪ್ರತಿಕೃತಿಯಿಂದ ಉತ್ತರಿಸುವ ಈ ಕ್ರಮವೇ ತಾರಾಲಯದ ಮೊದಲ ಬಳಕೆ ಎನ್ನಬಹುದಾಗಿದೆ.

ಇಂದಿನ ಅರ್ಥದ ತಾರಾಲಯ ಹುಟ್ಟಿದ್ದು ಜರ್ಮನಿಯಲ್ಲಿ. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂಗಾಗಿ ಝೈಸ್ ಸಂಸ್ಥೆಯ ವಾಲ್ಟರ್ ಬಾವರ್ಸ್‌ಫೆಲ್ಡ್ ರೂಪಿಸಿದ ಯಂತ್ರವು 1923ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾಯಿತು; 1925ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಗೋಲವನ್ನೇ ತಿರುಗಿಸುವ ಹಳೆಯ ಉಪಾಯವನ್ನು ಕೈಬಿಟ್ಟು, ಗುಮ್ಮಟವನ್ನು ನಿಶ್ಚಲವಾಗಿರಿಸಿ ಬೆಳಕನ್ನು ಚಲಿಸುವಂತೆ ಮಾಡಿದ್ದು ಇದರ ವಿಶೇಷ. ಸುಮಾರು 4,500 ನಕ್ಷತ್ರಗಳನ್ನು ಅದು ಮೂಡಿಸುತ್ತಿತ್ತು. ಆದರೆ ಮ್ಯೂನಿಕ್‌ನ ಅಕ್ಷಾಂಶದ ಆಕಾಶವನ್ನು ಮಾತ್ರ ತೋರಿಸಬಲ್ಲದಾಗಿತ್ತು. ಯಾವ ಊರಿನ ಆಕಾಶವನ್ನಾದರೂ ತೋರಿಸುವ ಶಕ್ತಿ ಬಂದದ್ದು ಅದರ ಮುಂದಿನ ಮಾದರಿಗೆ.

ಭಾರತದ ದೊಡ್ಡ ನಗರಗಳಿಗೆ ತಾರಾಲಯ ಬಂದದ್ದು ಸ್ವಾತಂತ್ರ್ಯಾನಂತರದಲ್ಲಿ. ಕೋಲ್ಕತ್ತದ ಬಿರ್ಲಾ ತಾರಾಲಯ 1960ರ ದಶಕದ ಆರಂಭದ್ದು, ಮುಂಬಯಿಯದು 1977ರದು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ನಗರಪಾಲಿಕೆ 1989ರಲ್ಲಿ ಸ್ಥಾಪಿಸಿತು. 1992ರಿಂದ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘದ ನಿರ್ವಹಣೆಯಲ್ಲಿ ಅದು ಪ್ರದರ್ಶನಗಳಿಗೆ ಸೀಮಿತವಾಗದೆ ವಿಜ್ಞಾನದ ಪಾಠಶಾಲೆಯಾಗಿಯೂ ಬೆಳೆಯಿತು. ಕನ್ನಡದಲ್ಲಿ ಆಕಾಶವನ್ನು ವಿವರಿಸುವ ಒಂದು ಪರಿಭಾಷೆಯನ್ನು ದಿನನಿತ್ಯ ಬಳಸಿ ಸವೆಸಿದ ಶ್ರೇಯವೂ ಅದಕ್ಕೆ ಸಲ್ಲಬೇಕು. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಮೂರು ಆಯಾಮಗಳ ದೃಶ್ಯಗಳನ್ನು ಬಿಂಬಿಸುವ ಸ್ವಾಮಿ ವಿವೇಕಾನಂದ ತಾರಾಲಯ ಆರಂಭವಾಯಿತು.

ಆಕಾಶದ ಬಗೆಗಿನ ತಿಳಿವಳಿಕೆ ನಾಡಿನಲ್ಲಿ ಮೊದಲೇ ಇತ್ತು. ಅದು ಮುಖ್ಯವಾಗಿ ಮಳೆಯ ಹೆಸರುಗಳಲ್ಲಿ ಉಳಿದು ಬಂದಿದೆ. ರೈತರು ‘ಆರಿದ್ರೆ ಮಳೆ’, ‘ಹುಬ್ಬೆ ಮಳೆ’, ‘ಚಿತ್ತೆ ಮಳೆ’ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಮೃಗಶಿರ ‘ಮಿರಗ’ವಾಗಿದೆ. ಸೂರ್ಯನ ವಾರ್ಷಿಕ ಪಥದ 27 ಸಮಭಾಗಗಳೇ ಈ ನಕ್ಷತ್ರಗಳು. ಒಂದೊಂದರಲ್ಲಿ ಸೂರ್ಯ 13-14 ದಿನ ಇರುತ್ತಾನೆ. ಮಿರಗ ಕೂಡುವುದು ಜೂನ್ 7-8ರ ಸುಮಾರಿಗೆ, ಆರಿದ್ರೆ 21-22ರ ಸುಮಾರಿಗೆ. ಬಿತ್ತನೆಯ ಹದ, ಬೀಜದ ಆಯ್ಕೆ, ಕಳೆ ತೆಗೆಯುವ ಕಾಲ ಇವೆಲ್ಲವೂ ಈ ಹೆಸರುಗಳಿಗೆ ಅಂಟಿಕೊಂಡಿವೆ.

ಇಲ್ಲೊಂದು ಸೂಕ್ಷ್ಮವಿದೆ. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ನಕ್ಷತ್ರ ಅವನ ಬೆಳಕಿನಲ್ಲಿ ಮುಳುಗಿರುತ್ತದೆ. ಆರಿದ್ರೆ ಮಳೆಯ ದಿನಗಳಲ್ಲಿ ಆರ್ದ್ರಾ ನಕ್ಷತ್ರ ಕಾಣುವುದಿಲ್ಲ. ಮುಗಿಲು ಸರಿದ ಸಂಜೆ ದಕ್ಷಿಣಕ್ಕೆ ತುಸು ಬಾಗಿ ಎತ್ತರದಲ್ಲಿ ಕಾಣುವುದು ಚಿತ್ತೆ. ಹೀಗಾಗಿ ಮಳೆನಕ್ಷತ್ರವು ಕಣ್ಣಿಗೆ ಬೀಳುವ ವಸ್ತುವಲ್ಲ, ಲೆಕ್ಕದಿಂದ ತಿಳಿಯುವ ಸ್ಥಾನ. ಇದನ್ನು ಪುಸ್ತಕದಲ್ಲಿ ವಿವರಿಸುವುದು ಪ್ರಯಾಸ. ತಾರಾಲಯದಲ್ಲಿ ಅರ್ಧ ನಿಮಿಷದ ಕೆಲಸ. ಹಗಲಿನ ಬೆಳಕನ್ನು ತೆಗೆದು ಸೂರ್ಯನನ್ನು ಮಾತ್ರ ಉಳಿಸಿದರೆ ಅವನ ಹಿಂದಿನ ನಕ್ಷತ್ರಗಳು ಮೂಡುತ್ತವೆ, ತುಸು ದಕ್ಷಿಣಕ್ಕೆ ಮಹಾವ್ಯಾಧನ ಆಕೃತಿ ನಿಲ್ಲುತ್ತದೆ. ಹಗಲು ಮುಹೂರ್ತದ ಮದುವೆಗಳಲ್ಲಿ ವಧೂವರರನ್ನು ಹೊರಗೆ ಕರೆತಂದು ಬಿಸಿಲಿನಲ್ಲೇ ಅರುಂಧತಿಯನ್ನು ತೋರಿಸುವ ಶಾಸ್ತ್ರವಂತೂ ಎಲ್ಲರಿಗೂ ಗೊತ್ತಿರುವುದೇ. ತೋರಿಸುವವರಿಗೂ ನೋಡುವವರಿಗೂ ಏನೂ ಕಾಣದು. ಸಪ್ತರ್ಷಿಗಳ ಬಾಲದಲ್ಲಿ ವಸಿಷ್ಠನ ಪಕ್ಕದ ಆ ಮಂದ ಚುಕ್ಕೆಯನ್ನು ಅನೇಕರು ಮೊದಲಿಗೆ ಕಾಣುವುದು ಗುಮ್ಮಟದ ಕೆಳಗೇ ಇರಬೇಕು.

ಇದಕ್ಕಿಂತ ಗಂಭೀರವಾದುದು ಕಾಲದ ಪ್ರಶ್ನೆ. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಒಂದು ಸುತ್ತು ತೂಗುತ್ತದೆ. ಇದರಿಂದ ಋತುಗಳಿಗೂ ನಕ್ಷತ್ರಗಳಿಗೂ ಇರುವ ನಂಟು ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಜಾರುತ್ತದೆ. ಸಾವಿರ ವರ್ಷದಲ್ಲಿ ಈ ಜಾರಿಕೆ ಹೆಚ್ಚುಕಡಿಮೆ ಒಂದು ಮಳೆಯಷ್ಟಾಗುತ್ತದೆ. ಸಾವಿರ ವರ್ಷದ ಹಿಂದೆ ಆರಿದ್ರೆಯನ್ನು ಕುರಿತು ಹುಟ್ಟಿದ ಮಾತು ಋತುವಿನ ಲೆಕ್ಕದಲ್ಲಿ ಇಂದಿನ ಮಿರಗಕ್ಕೆ ಅನ್ವಯಿಸಬೇಕು. ಮಳೆಗಾದೆಗಳನ್ನು ‘ಪ್ರಾಚೀನ ಹವಾಮಾನ ವಿಜ್ಞಾನ’ವೆಂದು ಕೊಂಡಾಡುವ ಬರೆಹಗಳು ಈ ಜಾರಿಕೆಯನ್ನು ಗಣನೆಗೆ ತೆಗೆದುಕೊಳ್ಳದಿರುವುದು ದೊಡ್ಡ ಕೊರತೆ. ಒಂದು ಗಾದೆ ಇಂದಿನ ಮಳೆಗೆ ನಿಖರವಾಗಿ ಹೊಂದುವುದಾದರೆ ಎರಡೇ ಸಾಧ್ಯತೆಗಳು: ಅದು ಈಚಿನದು, ಇಲ್ಲವೇ ಬಾಯಿಂದ ಬಾಯಿಗೆ ಸಾಗುವಾಗ ರೈತರು ಅನುಭವಕ್ಕೆ ತಕ್ಕಂತೆ ನಕ್ಷತ್ರದ ಹೆಸರನ್ನೇ ಬದಲಾಯಿಸಿಕೊಂಡಿದ್ದಾರೆ. ಎರಡನೆಯದು ನಿಜವಾದರೆ ಅದು ಜನಪದರ ಮೌಢ್ಯಕ್ಕಲ್ಲ, ಎಚ್ಚರಕ್ಕೆ ಸಾಕ್ಷಿ. ಹೊಂದದಿರುವ ಗಾದೆಗಳೂ ಅಷ್ಟೇ ಬೆಲೆಯುಳ್ಳವು; ಅವುಗಳ ವಯಸ್ಸನ್ನು ಊಹಿಸಲು ಅಲ್ಲೊಂದು ಎಳೆ ಸಿಕ್ಕೀತು.

ತಾರಾಲಯದ ಯಂತ್ರ ಕಾಲವನ್ನು ಹಿಂದಕ್ಕೆ ಓಡಿಸಬಲ್ಲುದು. ನಾಲ್ಕೂಮುಕ್ಕಾಲು ಸಾವಿರ ವರ್ಷ ಹಿಂದಕ್ಕೆ ಹೋದರೆ ಉತ್ತರ ಧ್ರುವದ ಬಳಿ ಇಂದಿನ ಧ್ರುವ ನಕ್ಷತ್ರವಿರದೆ ಥೂಬನ್ ಎಂಬ ಬೇರೊಂದು ಚುಕ್ಕೆಯಿರುತ್ತದೆ. ಕದಲದ ಧ್ರುವನ ಕಥೆಯನ್ನು ಯಾವ ಕಾಲದ ಆಕಾಶದ ಎದುರು ಓದಬೇಕೆಂಬ ಪ್ರಶ್ನೆಯೂ ಅಲ್ಲೇ ಏಳುತ್ತದೆ.

ಹಾಗಿದ್ದೂ ತಾರಾಲಯದ ಪ್ರದರ್ಶನಗಳಲ್ಲಿ ಆಕೃತಿಗಳು ಬಹುಮಟ್ಟಿಗೆ ಗ್ರೀಕ್ ಪುರಾಣದವೇ. ಜೊತೆಗೆ ಕೆಲವು ಸಂಸ್ಕೃತದ ಹೆಸರುಗಳು ಬರಬಹುದು. ಗಣಕಯಂತ್ರದಿಂದ ನಡೆಯುವ ಇಂದಿನ ಪ್ರಕ್ಷೇಪಕಗಳಲ್ಲಿ ಯಾವ ಚಿತ್ರವನ್ನಾದರೂ ನಕ್ಷತ್ರಗಳ ಮೇಲೆ ಕೂಡಿಸಬಹುದಾದ್ದರಿಂದ ತಾಂತ್ರಿಕ ಅಡ್ಡಿಯೇನೂ ಉಳಿದಿಲ್ಲ. ಬೇಕಾಗಿರುವುದು ಸಾಮಗ್ರಿ. ಕುರಿಗಾಹಿಗಳು, ಕರಾವಳಿಯ ಮೀನುಗಾರರು, ರಾತ್ರಿ ನೀರು ಹಾಯಿಸುವ ರೈತರು ಚುಕ್ಕೆಗಳನ್ನು ಕರೆಯುವ ಹೆಸರುಗಳನ್ನು ಊರು, ತಿಂಗಳು, ರಾತ್ರಿಯ ಹೊತ್ತು ಸಮೇತ ದಾಖಲಿಸಿಕೊಳ್ಳಬೇಕು. ಹೊತ್ತು ಬರೆದುಕೊಳ್ಳದ ಹೆಸರು ಯಾವ ಚುಕ್ಕೆಯದೆಂದು ಮುಂದೆ ಗುರುತಿಸಲಾಗದು. ವಕ್ತೃವನ್ನು ತಾರಾಲಯಕ್ಕೇ ಕರೆತಂದು, ಆತನ ಊರಿನ ಅಕ್ಷಾಂಶಕ್ಕೆ ಯಂತ್ರವನ್ನು ಹೊಂದಿಸಿ, ಅಲ್ಲಿನ ಇರುಳನ್ನು ಮೂಡಿಸಿ ಕೇಳಿದರೆ ಒಂದೇ ಕೂಟದಲ್ಲಿ ವರ್ಷದ ಆಕಾಶವೆಲ್ಲ ದಾಖಲಾಗುತ್ತದೆ. ಬೀದಿದೀಪಗಳ ಬೆಳಕು ಊರಂಚಿನ ಹೊಲಗಳನ್ನೂ ತಲುಪಿರುವಾಗ, ಮಂದ ಚುಕ್ಕೆಗಳ ಹೆಸರು ಬಲ್ಲ ಹಿರಿಯರಿಗೂ ಅವನ್ನು ಬೆರಳಿಟ್ಟು ತೋರಿಸಲು ಇಂತಹ ಕತ್ತಲೆ ಬೇಕಾಗುತ್ತದೆ.