ನಾಲ್ಕು ರೂಪಾಯಿಯ ಎಡಗೈ

ಪಲವಂಕರ ಬಾಲೂ ಅವರನ್ನು ಭಾರತದ ಮೊದಲ ದೊಡ್ಡ ದಲಿತ ಕ್ರಿಕೆಟಿಗ ಎಂದು ಪರಿಚಯಿಸುವುದು ರೂಢಿ. ತಪ್ಪೇನಿಲ್ಲ, ಆದರೆ ಅವರು ಕೂಲಿಗೆ ಚೆಂಡೆಸೆದವರು ಎಂಬುದು ಆ ಬಿರುದಿನ ಹಿಂದೆ ಅಡಗಿಬಿಡುತ್ತದೆ. 1870ರ ದಶಕದ ನಡುವೆ ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ಬೆಳೆದ ಬಾಲೂಗೆ ಮೊದಲು ಸಿಕ್ಕಿದ್ದು ಪಾರ್ಸಿ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವ ಕೆಲಸ, ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಕ್ಲಬ್ಬಿಗೆ ಹೋದಾಗ ಅದು 4 ಆಯಿತು. ಅಲ್ಲಿನ ನೆಟ್ಸ್‌ನಲ್ಲಿ ಜೆ.ಜಿ. ಗ್ರೇಗ್ ಎಂಬ ನುರಿತ ಬ್ಯಾಟ್ಸ್‌ಮನ್‌ಗೆ ಗಂಟೆಗಟ್ಟಲೆ ಚೆಂಡೆಸೆದೇ ಅವರ ಎಡಗೈ ಸ್ಪಿನ್ ಹದಗೊಂಡಿತು. ಔಟ್ ಮಾಡಿದಾಗಲೆಲ್ಲ ಗ್ರೇಗ್ ಎಂಟಾಣೆ ಕೊಡುತ್ತಿದ್ದರೆಂಬ ಮಾತಿದೆ. ನಿಜವಿದ್ದರೆ ತಿಂಗಳಿಗೆ ಎಂಟು ಸಲ ಔಟ್ ಮಾಡಿದರೆ ಇನ್ನೊಂದು ಸಂಬಳ! ಆದರೆ ಆ ನೆಟ್ಸ್‌ನಲ್ಲಿ ಬ್ಯಾಟ್ ಮಾತ್ರ ಅವರ ಕೈಗೆ ಬರಲಿಲ್ಲ. ಬ್ಯಾಟಿಂಗ್ ದೊರೆಗಳದು, ಬೌಲಿಂಗ್ ಆಳಿನದು.

ಧಾರವಾಡದಲ್ಲಿ ಹುಟ್ಟಿದ ಮಾತ್ರಕ್ಕೆ ಅವರು ನಮ್ಮ ಕನ್ನಡ ನಾಡಿನವರಾದರೇ ಎಂದು ಕೇಳಬಹುದು. ಆಗ ಧಾರವಾಡ, ಪುಣೆ ಎರಡೂ ಮುಂಬಯಿ ಪ್ರಾಂತ್ಯವೇ. ಗುಳೆ ಹೋದವರನ್ನು ಊರಿನ ಲೆಕ್ಕದಿಂದ ಕಳೆಯುವುದು ಒಪ್ಪುವ ಮಾತಲ್ಲ. ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಆಟಕ್ಕೆ ಜಾತಿಯಿಲ್ಲ, ಪ್ರತಿಭೆ ಕಂಡೇ ಹಿಂದೂ ತಂಡದವರು ಅವರನ್ನು ಸೇರಿಸಿಕೊಂಡರಲ್ಲವೇ? ಸೇರಿಸಿಕೊಂಡರು, ವಿಕೆಟ್ ಬೇಕಿತ್ತು. 1906ರಲ್ಲಿ ಹಿಂದೂ ತಂಡದವರು ಯುರೋಪಿಯನ್ನರ ತಂಡವನ್ನು 109 ರನ್ನುಗಳಿಂದ ಸೋಲಿಸಿದ್ದರಲ್ಲಿ ಅವರ ಪಾಲು ದೊಡ್ಡದು. ಭಾರತ ತಂಡದ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಆದರೆ ಪುಣೆಯಲ್ಲಿ ಇದೇ ಕೈಗೆ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ. ನಾಯಕತ್ವವಂತೂ ಬರಲೇ ಇಲ್ಲ. 1913ರಲ್ಲಿ ಹಿಂದೂ ತಂಡದ ನಾಯಕರಾದ ಎಂ.ಡಿ. ಪೈ ಅವರೇ ಆ ಗೌರವ ಹಿರಿಯರಾದ ಬಾಲೂಗೆ ಸಲ್ಲಬೇಕಿತ್ತು ಎಂದರು. ಬೇಕಾಗಿದ್ದದ್ದು ಕೈ ಒಂದೇ.

ಸಂಬಳದ ಆಟಗಾರನಿಗೆ ಎಲ್ಲ ಕಡೆಯೂ ಇದೇ ಗತಿಯಾಗಿತ್ತು ಎಂದೂ ವಾದಿಸಬಹುದು. ಹಾಗಿರಲಿಲ್ಲ. ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ಬೇಸ್‌ಬಾಲ್ ತಂಡ, ಅಮೆರಿಕದ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್‌ನಲ್ಲಿ 1869ರಲ್ಲಿ ಸೆಂಟರ್ ಫೀಲ್ಡ್ ಕಾಯುತ್ತಿದ್ದ ಹ್ಯಾರಿ ರೈಟ್, ಕೂಲಿ ಕ್ರಿಕೆಟಿಗನೊಬ್ಬನ ಮಗ. ವರ್ಷಕ್ಕೆ 1,200 ಡಾಲರ್ ಎಣಿಸಿಕೊಂಡೇ ಆತ ತಂಡವನ್ನೂ ನಡೆಸಿದ. ಆದರೆ 1867ರಲ್ಲೇ ಅಲ್ಲಿನ ಬೇಸ್‌ಬಾಲ್ ಸಂಘ ಕಪ್ಪು ಆಟಗಾರರಿದ್ದ ಕ್ಲಬ್ಬುಗಳಿಗೆ ಬಾಗಿಲು ಮುಚ್ಚಿತ್ತು. ಅಡ್ಡ ಬಂದದ್ದು ಕೂಲಿಯಲ್ಲ, ಹುಟ್ಟು. ಅಲ್ಲಿ ಅದು ಹೊರಗಿಟ್ಟಿತು, ಇಲ್ಲಿ ದುಡಿಸಿಕೊಂಡು ಹೊರಗಿಟ್ಟಿತು. 1923ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕರಾದಾಗ ಬಾಲೂ ಆಟ ಬಿಟ್ಟಾಗಿತ್ತು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್ ಎಂಬ ಲೆಕ್ಕ ದಾಖಲೆಯಲ್ಲಿದೆ. ಪುಣೆಯ ನೆಟ್ಸ್‌ನಲ್ಲಿ ಎಸೆದ ಚೆಂಡುಗಳನ್ನು ಯಾರೂ ಎಣಿಸಲಿಲ್ಲ.